ಹಿಟ್ಲರನ ಸೇನೆ ಸುಮ್ನೆ ಆಜ್ಞೆ ಪಾಲಿಸಿತೇ?

ಓದುಗರ ಪ್ರಶ್ನೆ: ಎರಡನೇ ಮಹಾಯುದ್ಧದ ಬಗ್ಗೆ ಓದುವಾಗಲೆಲ್ಲ ಒಂದು ಮಾತು ಎದುರಾಗುತ್ತದೆ. ಯಹೂದಿಗಳ ಕೊಲೆ, ಊರುಗಳಿಗೆ ಬೆಂಕಿ ಇಟ್ಟದ್ದು ಎಲ್ಲ ಹಿಟ್ಲರನ ನಾಜಿ ಪಕ್ಷದ್ದೇ ಆದ ಎಸ್‌ಎಸ್ ಪಡೆಯವರ ಕೆಲಸ, ಜರ್ಮನಿಯ ಮಾಮೂಲಿ ಸೇನೆ ಯುದ್ಧ ಮಾಡಿತು ಅಷ್ಟೇ ಎನ್ನುತ್ತಾರೆ. ಇದು ನಿಜವೇ? ಅಷ್ಟು ಹಳೆಯ, ಅಷ್ಟು ಹೆಮ್ಮೆಯ ಸೇನೆ ಒಂದು ಪಕ್ಷದ ಸಿದ್ಧಾಂತಕ್ಕೆ ಹೇಗೆ ಬಗ್ಗಿತು? ಹೆದರಿತೇ, ನಂಬಿತೇ, ಇಲ್ಲ ಸುಮ್ನೆ ಆಜ್ಞೆ ಪಾಲಿಸಿತೇ?

ಉತ್ತರ: ನಿಜವಲ್ಲ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ "ಹೇಗೆ ಬಗ್ಗಿತು" ಎಂದು ಕೇಳಿದ್ದೀರಲ್ಲ, ಅದಕ್ಕೆ ಒಂದು ಸಾಲಿನ ಉತ್ತರ ಸಾಲದು. ಒಬ್ಬನೇ ಮನುಷ್ಯ ಬರೆದ ಎರಡು ಕಾಗದಗಳಿಂದ ಶುರು ಮಾಡುತ್ತೇನೆ.

1934ರ ಏಪ್ರಿಲ್‌ನಲ್ಲಿ ಎರಿಕ್ ಫಾನ್ ಮನ್‌ಸ್ಟೈನ್ ಎಂಬ ಕರ್ನಲ್ ಮೇಲಿನವರಿಗೆ ಒಂದು ತಕರಾರು ಪತ್ರ ಕಳಿಸಿದ. ಸೇನೆಯಲ್ಲಿರುವ ಯಹೂದಿ ಮೂಲದವರನ್ನು ತೆಗೆಯಬೇಕು ಎಂಬ ಆದೇಶ ಆಗಷ್ಟೇ ಬಂದಿತ್ತು. ಸುಮಾರು 70 ಮಂದಿ ಕೆಲಸ ಕಳೆದುಕೊಂಡರು. ದೇಶಕ್ಕಾಗಿ ಪ್ರಾಣ ಕೊಡಲು ಸಿದ್ಧರಾಗಿ ಬಂದವರನ್ನು ಹೀಗೆ ಆಚೆ ಹಾಕುವುದು ಸೈನಿಕನ ಮಾನಕ್ಕೆ ಒಪ್ಪುವ ಮಾತಲ್ಲ ಎಂದು ಅವನ ವಾದ. ರಕ್ಷಣಾ ಮಂತ್ರಿಗೆ ಸಿಟ್ಟು ಬಂತು. ಆದರೂ ಮನ್‌ಸ್ಟೈನ್‌ಗೆ ಶಿಕ್ಷೆಯೇನೂ ಆಗಲಿಲ್ಲ, ಬಡ್ತಿಯೂ ನಿಲ್ಲಲಿಲ್ಲ.

ಎರಡನೇ ಕಾಗದ 1941ರ ನವೆಂಬರ್ 20ರದು. ಆಗ ಅವನು ಸೋವಿಯತ್ ನೆಲವಾದ ಕ್ರಿಮಿಯಾದಲ್ಲಿ 11ನೇ ಸೇನೆಯ ಮುಖ್ಯಸ್ಥ. ಯಹೂದಿ-ಬೋಲ್ಶೆವಿಕ್ (ಅಂದರೆ ಸೋವಿಯತ್ ಕಮ್ಯುನಿಸ್ಟ್) ವ್ಯವಸ್ಥೆಯನ್ನು ಒಂದೇ ಸಲಕ್ಕೆ ನಿರ್ನಾಮ ಮಾಡಬೇಕು, ಯಹೂದಿಗಳಿಗೆ ಕೊಡುವ ಕಠಿಣ ಶಿಕ್ಷೆ ಯಾಕೆ ಬೇಕು ಎಂದು ಸೈನಿಕ ಅರ್ಥ ಮಾಡಿಕೊಳ್ಳಬೇಕು ಎಂದು ತನ್ನ ಸೈನಿಕರಿಗೆ ಆದೇಶ ಹೊರಡಿಸಿದ. ಮುಂದಿನ ತಿಂಗಳು ಕ್ರಿಮಿಯಾದ ಸಿಮ್ಫೆರೊಪೋಲ್‌ನಲ್ಲಿ ಎಸ್‌ಎಸ್ ಕೊಲೆಪಡೆ ಯಹೂದಿಗಳನ್ನು ಸಾವಿರಗಟ್ಟಲೆ ಕೊಂದಿತು. ಅದಕ್ಕೆ ಲಾರಿ ಕೊಟ್ಟದ್ದು ಇದೇ 11ನೇ ಸೇನೆ. 1946ರಲ್ಲಿ ನ್ಯೂರೆಂಬರ್ಗ್‌ನ ಯುದ್ಧಾಪರಾಧ ವಿಚಾರಣೆಯಲ್ಲಿ ಆ ಆದೇಶವನ್ನು ಮುಂದಿಟ್ಟಾಗ, ಹೀಗೊಂದು ಬರೆದ ನೆನಪೇ ಇಲ್ಲ ಎಂದ.

ಈ ಎರಡು ಕಾಗದಗಳ ನಡುವೆ ಏಳೂವರೆ ವರ್ಷ. ಅಷ್ಟೂ ಕಾಲ ಅವನ ಹಣೆಗೆ ಯಾರೂ ಪಿಸ್ತೂಲು ಇಟ್ಟಿರಲಿಲ್ಲ. ಹಾಗಾದರೆ ಏನಾಯಿತು?

ಮೊದಲು ಆದದ್ದು ವ್ಯವಹಾರ. ಮೊದಲ ಮಹಾಯುದ್ಧ ಸೋತ ಮೇಲೆ ವರ್ಸೇಲ್ಸ್ ಒಪ್ಪಂದದಲ್ಲಿ ಜರ್ಮನಿಯ ಸೇನೆಗೆ 1 ಲಕ್ಷ ಜನರ ಮಿತಿ ಹಾಕಿದ್ದರು. ಟ್ಯಾಂಕ್ ಇಲ್ಲ, ವಿಮಾನ ಇಲ್ಲ. ಕರ್ನಲ್ ಆಗಬೇಕಾದವನು ಮೇಜರ್ ಆಗಿಯೇ ನಿವೃತ್ತನಾಗುವ ಸ್ಥಿತಿ. 1933ರ ಜನವರಿ 30ರಂದು ಚಾನ್ಸಲರ್ ಆದ ಹಿಟ್ಲರ್, ನಾಲ್ಕೇ ದಿನಕ್ಕೆ, ಫೆಬ್ರವರಿ 3ರಂದು, ಸೇನಾಧಿಕಾರಿಗಳ ಎದುರು ಕೂತು ಸೇನೆಯನ್ನು ಬೆಳೆಸುತ್ತೇನೆ, ಕಡ್ಡಾಯ ಸೈನಿಕ ಸೇವೆ ತರುತ್ತೇನೆ, ಪೂರ್ವದಲ್ಲಿ ನೆಲ ಗೆಲ್ಲುತ್ತೇನೆ ಎಂದ. ಹೆಚ್ಚಿನವರಿಗೆ ಅವನ ಪಕ್ಷದ ಗಲಾಟೆ, ಭಾಷೆ, ಮೂಲ ಯಾವುದೂ ಹಿಡಿಸಿರಲಿಲ್ಲ. ಕೊಡುತ್ತೇನೆ ಎಂದದ್ದು ಮಾತ್ರ ಹಿಡಿಸಿತು. ತಾವು ರಾಜಕೀಯದಿಂದ ದೂರ ಎಂದು ಹೇಳಿಕೊಳ್ಳುವ ಅಭ್ಯಾಸ ಆ ಸೇನೆಗೆ ಹಿಂದಿನಿಂದಲೂ ಇತ್ತು. ನನ್ನ ಪ್ರಕಾರ ಆ ಮಾತೇ ಅವರನ್ನು ಕೆಡಿಸಿತು. ರಾಜಕೀಯ ನಮಗೆ ಸಂಬಂಧಿಸಿದ್ದಲ್ಲ ಅಂದುಕೊಂಡವನಿಗೆ, ಪಕ್ಕದ ಬೀದಿಯಲ್ಲಿ ಏನು ನಡೆದರೂ ನೋಡದೆ ಇರಲು ಒಂದು ನೆಪ ಸಿಕ್ಕಿತು.

ಆ ನೆಪದ ಬೆಲೆ 1934ರ ಜೂನ್ 30ರಂದು ಗೊತ್ತಾಯಿತು. ಹಿಟ್ಲರನ ಪಕ್ಷದ್ದೇ ಎಸ್‌ಎ ಎಂಬ ಖಾಸಗಿ ಪಡೆ ಇತ್ತಲ್ಲ, ಅದರ ನಾಯಕ ಅರ್ನ್‌ಸ್ಟ್ ರೋಮ್‌ಗೆ ಸೇನೆಯನ್ನೇ ನುಂಗುವ ಆಸೆ. ಹಿಟ್ಲರ್ ಅವನನ್ನೂ ಅವನ ಕಡೆಯವರನ್ನೂ ಕೊಲ್ಲಿಸಿದ. ಕೊಂದದ್ದು ಎಸ್‌ಎಸ್, ಆಯುಧ ಮತ್ತು ವಾಹನ ಕೊಟ್ಟದ್ದು ಸೇನೆ. ಅದೇ ಗದ್ದಲದಲ್ಲಿ ಇಬ್ಬರು ಜನರಲ್‌ಗಳೂ ಸತ್ತರು: ಕುರ್ಟ್ ಫಾನ್ ಶ್ಲೈಖರ್ ಮತ್ತು ಫರ್ಡಿನಾಂಡ್ ಫಾನ್ ಬ್ರೆಡೋ. ಶ್ಲೈಖರ್ ಹಿಟ್ಲರನಿಗಿಂತ ಮೊದಲು ಚಾನ್ಸಲರ್ ಆಗಿದ್ದವನು. ಅವನನ್ನು ಮನೆಯಲ್ಲೇ, ಹೆಂಡತಿಯ ಜೊತೆ, ಗುಂಡಿಟ್ಟು ಕೊಂದರು. ಸೇನೆ ಒಂದು ವಿಚಾರಣೆಯನ್ನೂ ಮಾಡಿಸಲಿಲ್ಲ. ರಕ್ಷಣಾ ಮಂತ್ರಿ ವೆರ್ನರ್ ಫಾನ್ ಬ್ಲೋಮ್‌ಬರ್ಗ್ ಹಿಟ್ಲರನಿಗೆ ಧನ್ಯವಾದ ಹೇಳಿದ. ಎಸ್‌ಎ ಪೀಡೆ ತೊಲಗಿತಲ್ಲ ಎಂದು ಅವನಿಗೆ ಸಮಾಧಾನ. ತಮ್ಮವರನ್ನೇ ಕೊಂದರೂ ಬಾಯಿ ಬಿಡದ ಸೇನೆ, ಬೇರೆಯವರನ್ನು ಕೊಂದಾಗ ಬಾಯಿ ಬಿಡುತ್ತದೆಯೇ?

ಇದಾಗಿ ಒಂದೇ ತಿಂಗಳಿಗೆ, ಆಗಸ್ಟ್ 2ರಂದು, ಅಧ್ಯಕ್ಷ ಹಿಂಡೆನ್‌ಬರ್ಗ್ ಸತ್ತ. ಅದೇ ದಿನ ಸೈನಿಕರನ್ನು ಸಾಲಾಗಿ ನಿಲ್ಲಿಸಿ ಹೊಸ ಪ್ರಮಾಣ ಮಾಡಿಸಿದರು. ಹಿಟ್ಲರನಿಗಿಂತ ಮೊದಲಿನ ವೈಮಾರ್ ಗಣರಾಜ್ಯದ ಕಾಲದಲ್ಲಿ ಸೈನಿಕ ಸಂವಿಧಾನದ ಹೆಸರಲ್ಲಿ ಪ್ರಮಾಣ ಮಾಡುತ್ತಿದ್ದ. ಈಗ ಅಡಾಲ್ಫ್ ಹಿಟ್ಲರನಿಗೆ, ಹೆಸರು ಹಿಡಿದು, ಯಾವ ಷರತ್ತೂ ಇಲ್ಲದ ವಿಧೇಯತೆ. ಆ ಪ್ರಮಾಣಕ್ಕಾಗಿ ಪ್ರಾಣ ಕೊಡಲೂ ಸಿದ್ಧ ಎಂಬ ಮಾತು, ಅದೂ ದೇವರ ಸಾಕ್ಷಿಯಾಗಿ. ಇಲ್ಲಿ ತುಂಬಾ ಜನ ತಪ್ಪು ತಿಳಿಯುವ ಒಂದು ವಿಷಯವಿದೆ. ಈ ಪ್ರಮಾಣವನ್ನು ಹಿಟ್ಲರ್ ಬಲವಂತವಾಗಿ ಹೇರಲಿಲ್ಲ. ಅದನ್ನು ತಯಾರು ಮಾಡಿದವರು ಬ್ಲೋಮ್‌ಬರ್ಗ್ ಮತ್ತು ಅವನ ಬಲಗೈ ವಾಲ್ಟರ್ ಫಾನ್ ರೈಖೆನೌ. ಹೀಗೆ ಮಾಡಿದರೆ ಹಿಟ್ಲರ್ ಪಕ್ಷಕ್ಕಿಂತ ಸೇನೆಗೆ ಹತ್ತಿರವಾಗುತ್ತಾನೆ ಎಂದು ಅವರ ಲೆಕ್ಕ. ಕಟ್ಟಿಹಾಕಲು ಹಗ್ಗ ತಂದವರು ತಮ್ಮ ಕಾಲಿಗೇ ಸುತ್ತಿಕೊಂಡರು. ಯುದ್ಧ ಮುಗಿದ ಮೇಲೆ "ಪ್ರಮಾಣ ಮಾಡಿಬಿಟ್ಟಿದ್ದೆವಲ್ಲ, ಏನು ಮಾಡುವುದು" ಎಂದು ಎಷ್ಟೋ ಅಧಿಕಾರಿಗಳು ಹೇಳಿಕೊಂಡರು. ಅಲ್ಲ, ಸಂವಿಧಾನಕ್ಕೆ ಮಾಡಿದ್ದ ಹಿಂದಿನ ಪ್ರಮಾಣ ಎಲ್ಲಿ ಹೋಯಿತು? ಅದನ್ನು ಮುರಿಯಲು ಇವರಿಗೆ ನಿದ್ದೆಗೆಟ್ಟ ಹಾಗೆ ಕಾಣುವುದಿಲ್ಲ.

ದುಡ್ಡಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ನೆನಪಿನ ಪುಸ್ತಕಗಳಲ್ಲಿ ಹೆಚ್ಚಿನವರು ಬರೆಯಲಿಲ್ಲ. ಫೀಲ್ಡ್ ಮಾರ್ಷಲ್‌ಗಳಿಗೆ ಸಂಬಳದ ಮೇಲೆ ತಿಂಗಳಿಗೆ 4,000 ರೈಖ್ಸ್‌ಮಾರ್ಕ್, ತೆರಿಗೆ ಇಲ್ಲದೆ, ಗುಟ್ಟಾಗಿ ಬರುತ್ತಿತ್ತು. ಹುಟ್ಟುಹಬ್ಬಕ್ಕೆ ಬೇರೆ ಉಡುಗೊರೆ. 1941ರಲ್ಲಿ 65 ತುಂಬಿದ ವಿಲ್ಹೆಲ್ಮ್ ಫಾನ್ ಲೇಬ್‌ಗೆ 2,50,000 ಮಾರ್ಕ್ ಚೆಕ್. ಮರುವರ್ಷ 60 ತುಂಬಿದ ಗುಂಟರ್ ಫಾನ್ ಕ್ಲೂಗೆಗೂ ಅಷ್ಟೇ. ಟ್ಯಾಂಕ್ ಯುದ್ಧಕ್ಕೆ ಹೆಸರಾದ ಹೈನ್ಜ್ ಗುಡೇರಿಯನ್‌ಗೆ ಪೋಲೆಂಡಿನಿಂದ ಕಿತ್ತುಕೊಂಡ ಪ್ರದೇಶದಲ್ಲಿ ಒಂದು ದೊಡ್ಡ ಜಮೀನು. ಲಂಚ ಅನ್ನಬೇಕೋ ಬಹುಮಾನ ಅನ್ನಬೇಕೋ, ಹೆಸರು ನೀವೇ ಇಡಿ. ತೆಗೆದುಕೊಂಡವರು ಯಾರೂ ವಾಪಸ್ ಕೊಡಲಿಲ್ಲ.

ಈಗ 1941ರ ವಸಂತಕ್ಕೆ, ಸೋವಿಯತ್ ಒಕ್ಕೂಟದ ಮೇಲಿನ ದಾಳಿಗೆ ತಯಾರಿ ನಡೆಯುತ್ತಿದ್ದ ಹೊತ್ತಿಗೆ ಬರೋಣ. ಸಿದ್ಧಾಂತ ಸೇನೆಯೊಳಗೆ ಹೇಗೆ ಇಳಿಯಿತು ಎಂಬುದು ಇಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಜರ್ಮನ್ ಸೈನಿಕನ ಜೇಬಿನಲ್ಲಿ ಯಾವಾಗಲೂ ಸಂಬಳದ ಲೆಕ್ಕದ ಒಂದು ಪುಟ್ಟ ಪುಸ್ತಕ (ಪೇ ಬುಕ್) ಇರುತ್ತಿತ್ತು. ಅದರ ರಟ್ಟಿನ ಒಳಗೆ ಯುದ್ಧದ ಹತ್ತು ನಿಯಮಗಳ ಚೀಟಿ ಅಂಟಿಸಿದ್ದರು. ಶರಣಾದವನನ್ನು ಕೊಲ್ಲಬಾರದು. ಕೈದಿಗಳನ್ನು ಮನುಷ್ಯರಂತೆ ನೋಡಿಕೊಳ್ಳಬೇಕು. ನಾಗರಿಕರನ್ನು ಮುಟ್ಟಬಾರದು, ಲೂಟಿ ಮಾಡಬಾರದು. ಆ ಚೀಟಿಯನ್ನು ಯಾರೂ ಕೀಳಲಿಲ್ಲ. ಸೈನಿಕ ಅದನ್ನು ಜೇಬಿನಲ್ಲಿಟ್ಟುಕೊಂಡೇ ಸೋವಿಯತ್ ಗಡಿ ದಾಟಿದ. ಆದರೆ ಮೇಲಿನಿಂದ ಬೇರೆ ಕಾಗದಗಳು ಬಂದಿದ್ದವು. ಮಾರ್ಚ್ 30ರಂದು ಹಿಟ್ಲರ್ ಇನ್ನೂರಕ್ಕೂ ಜಾಸ್ತಿ ಹಿರಿಯ ಅಧಿಕಾರಿಗಳನ್ನು ಕೂರಿಸಿಕೊಂಡು, ಇದು ಸರ್ವನಾಶದ ಯುದ್ಧ, ಕಮ್ಯುನಿಸ್ಟ್ ಸೈನಿಕನನ್ನು ನಿಮ್ಮಂಥ ಸೈನಿಕ ಎಂದು ಎಣಿಸಬೇಡಿ ಎಂದಿದ್ದ. ಮೇ 13ರ ಆದೇಶ ಪೂರ್ವದ ನಾಗರಿಕರ ಮೇಲಿನ ಅಪರಾಧಗಳನ್ನು ಕೋರ್ಟ್ ಮಾರ್ಷಲ್ ವ್ಯಾಪ್ತಿಯಿಂದ ಹೆಚ್ಚುಕಡಿಮೆ ಹೊರಗಿಟ್ಟಿತು. ಅಂದರೆ ಸೈನಿಕನೊಬ್ಬ ಹಳ್ಳಿಯವನನ್ನು ಕೊಂದರೆ ಕೇಸು ಹಾಕಲೇಬೇಕು ಎಂದೇನಿಲ್ಲ. ಜೂನ್ 6ರ ಆದೇಶ, ಸೆರೆಸಿಕ್ಕ ಸೋವಿಯತ್ ರಾಜಕೀಯ ಕಮಿಸಾರ್‌ಗಳನ್ನು, ಅಂದರೆ ಸೇನೆಯೊಳಗಿನ ಕಮ್ಯುನಿಸ್ಟ್ ಪಕ್ಷದ ಅಧಿಕಾರಿಗಳನ್ನು, ಅಲ್ಲೇ ಕೊಲ್ಲಿ ಎಂದಿತು.

ಇವುಗಳ ಮೂಲ ವಿಚಾರ ಹಿಟ್ಲರನದು, ನಿಜ. ಆದರೆ ಕೂತು ಬರೆದು, ತಿದ್ದಿ, ಟೈಪ್ ಮಾಡಿಸಿ, ಕೆಳಗಿನ ದಳಗಳಿಗೆ ಹಂಚಿದವರು ಸೇನಾ ಕಚೇರಿಯ ಅಧಿಕಾರಿಗಳು ಮತ್ತು ಸೇನೆಯ ವಕೀಲರು. ಎಸ್‌ಎಸ್‌ನ ಕೊಲೆಪಡೆಗಳು ಸೇನೆಯ ಹಿಂದೆ ಹೇಗೆ ಓಡಾಡಬೇಕು, ಅವಕ್ಕೆ ಪೆಟ್ರೋಲು ಯಾರು ಕೊಡಬೇಕು, ಊಟ ಯಾರದು ಎಂದು ಮಾತಾಡಿ ಒಪ್ಪಂದ ಮಾಡಿಕೊಂಡವನು ಸೇನೆಯ ಸರಬರಾಜು ಮುಖ್ಯಸ್ಥ ಎಡುವಾರ್ಡ್ ವಾಗ್ನರ್. ಈ ಹೆಸರು ನೆನಪಿರಲಿ, ಮತ್ತೆ ಬರುತ್ತದೆ.

ಇವನ್ನು ಓದುವಾಗ ಭಾಷೆಯನ್ನು ಗಮನಿಸಿ. ಜನಾಂಗ, ರಕ್ತ ಎಂಬ ಪಕ್ಷದ ಮಾತು ಕಡಿಮೆ. "ಭದ್ರತೆ", "ಹಿಂಬದಿಯ ಶಾಂತಿ", "ಗೆರಿಲ್ಲಾ", "ಪ್ರತೀಕಾರ", "ಆಹಾರ ಸರಬರಾಜು" ಇಂಥ ಮಾತು ಜಾಸ್ತಿ. ಇವು ಯಾವುದೇ ಸೇನೆಯ ದಿನಬಳಕೆಯ ಪದಗಳು. ಯಹೂದಿಗಳನ್ನು ದ್ವೇಷಿಸು ಎಂದರೆ ಹಿಂಜರಿಯುವ ಅಧಿಕಾರಿಗೆ, ಯಹೂದಿಗಳು ಗೆರಿಲ್ಲಾಗಳಿಗೆ ಸುದ್ದಿ ಮುಟ್ಟಿಸುತ್ತಾರೆ, ನಿನ್ನ ಹುಡುಗರ ಜೀವಕ್ಕೆ ಅಪಾಯ ಎಂದರೆ ಸಾಕು. ಅವನಿಗೆ ಅದು ಸಿದ್ಧಾಂತವಾಗಿ ಕಾಣುವುದೇ ಇಲ್ಲ, ಡ್ಯೂಟಿಯಾಗಿ ಕಾಣುತ್ತದೆ. ನನ್ನ ಉತ್ತರದ ತಿರುಳು ಇದೇ. ಆ ಸೇನೆಯ ಬಹಳಷ್ಟು ಮಂದಿ ನಾಜಿ ಆಗಿ ಬದಲಾಗಬೇಕಾಗಿಯೇ ಇರಲಿಲ್ಲ. ಅವರ ಕಸುಬಿನ ಮಾತಿನೊಳಗೇ ನಾಜಿ ಕೆಲಸವನ್ನು ಸೇರಿಸಿ ಕೊಟ್ಟರು.

1941ರ ಸೆಪ್ಟೆಂಬರ್ ಕೊನೆಯಲ್ಲಿ ಬೆಲಾರುಸ್‌ನ ಮೊಗಿಲೆವ್‌ನಲ್ಲಿ ಸೇನೆಯೇ ಗೆರಿಲ್ಲಾ ಕಾರ್ಯಾಚರಣೆಯ ಬಗ್ಗೆ ಮೂರು ದಿನದ ತರಬೇತಿ ಇಟ್ಟಿತು. ಪಾಠ ಹೇಳಲು ಎಸ್‌ಎಸ್‌ನವರೂ ಬಂದಿದ್ದರು. ಗೆರಿಲ್ಲಾ ಇರುವಲ್ಲಿ ಯಹೂದಿ, ಯಹೂದಿ ಇರುವಲ್ಲಿ ಗೆರಿಲ್ಲಾ ಎಂಬುದು ಅಲ್ಲಿ ಹರಡಿದ ಸೂತ್ರ. ಎರಡು ವಾರ ಕಳೆಯಿತು. ಅದೇ ಬೆಲಾರುಸ್‌ನಲ್ಲಿ ಬೀಡುಬಿಟ್ಟಿದ್ದ 691ನೇ ಕಾಲಾಳು ರೆಜಿಮೆಂಟಿನ ಒಬ್ಬ ಮೇಜರ್ ತನ್ನ ಕೈಕೆಳಗಿನ ಮೂವರು ಕಂಪನಿ ಕಮಾಂಡರ್‌ಗಳಿಗೆ, ನಿಮ್ಮ ನಿಮ್ಮ ಪ್ರದೇಶದ ಯಹೂದಿಗಳನ್ನೆಲ್ಲ ಕೊಲ್ಲಿ ಎಂದು ಆದೇಶ ಕೊಟ್ಟ. ಒಂದೇ ಆದೇಶ, ಒಂದೇ ಮೇಜರ್. ಒಬ್ಬ ತಕ್ಷಣ ಕೊಂದು ಮುಗಿಸಿದ. ಇನ್ನೊಬ್ಬ ಆಗಲ್ಲ ಎಂದ. ನೀನು ಇನ್ನು ಯಾವಾಗ ಗಟ್ಟಿಯಾಗುತ್ತೀಯ ಎಂದು ಮೇಜರ್ ಕೇಳಿದನಂತೆ. ಇಂಥ ವಿಷಯದಲ್ಲಿ ಯಾವತ್ತೂ ಇಲ್ಲ ಎಂದು ಇವನು ಹೇಳಿದನಂತೆ. ಮೂರನೆಯವನು ತಡವರಿಸಿದ. ಬರಹದಲ್ಲಿ ಕೊಡಿ ಎಂದ. ಒಂದು ಚಿಕ್ಕ ಚೀಟಿ ಬಂತು. ಅವನು ಅದನ್ನು ತನ್ನ ಹಿರಿಯ ಸಾರ್ಜೆಂಟ್ ಕೈಗೆ ಕೊಟ್ಟು ತಾನು ಪಕ್ಕಕ್ಕೆ ಸರಿದ. ಅಕ್ಟೋಬರ್ 10ರಂದು ಕ್ರುಚಾ ಎಂಬ ಹಳ್ಳಿಯಲ್ಲಿ ಯಹೂದಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರನ್ನೂ ಆ ಸೈನಿಕರು ಕೊಂದರು. ಎಸ್‌ಎಸ್‌ನವರು ಅಲ್ಲಿ ಒಬ್ಬರೂ ಇರಲಿಲ್ಲ.

ಆಗಲ್ಲ ಎಂದವನಿಗೆ ಏನಾಯಿತು ಎಂದು ನೀವು ಕೇಳಬೇಕು. ಏನೂ ಆಗಲಿಲ್ಲ. ಮೆತ್ತಗಿನವನು ಎಂಬ ಹೆಸರು ಬಂತು, ಅಷ್ಟೇ. ಬರಹದಲ್ಲಿ ಆದೇಶ ಕೇಳಿದವನಿಗೂ ಅವನ ಸಾರ್ಜೆಂಟ್‌ಗೂ 1950ರ ದಶಕದಲ್ಲಿ ಡಾರ್ಮ್‌ಶ್ಟಾಟ್ ಕೋರ್ಟ್ ಶಿಕ್ಷೆ ಕೊಟ್ಟಿತು.

ಇಲ್ಲಿ "ಹೆದರಿತೇ" ಎಂಬ ನಿಮ್ಮ ಮಾತಿಗೆ ಉತ್ತರ ಇದೆ. ಭಯ ಸುಳ್ಳಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆ ತನ್ನವರೇ 48 ಮಂದಿಗೆ ಮರಣದಂಡನೆ ಜಾರಿ ಮಾಡಿತ್ತು. ಎರಡನೆಯದರಲ್ಲಿ ಆ ಸಂಖ್ಯೆ ಕಡಿಮೆ ಎಂದರೂ 15,000. ಓಡಿಹೋದವನು, ಸೋಲುತ್ತೇವೆ ಎಂದು ಬಾಯಿ ಬಿಟ್ಟವನು ಬದುಕುವುದು ಕಷ್ಟವಿತ್ತು. ಆದರೆ ನಿರಾಯುಧರನ್ನು ಕೊಲ್ಲಲಾರೆ ಎಂದ ಕಾರಣಕ್ಕೇ ಜೀವ ಹೋಯಿತು ಎಂಬ ಒಂದು ಪ್ರಕರಣವನ್ನೂ ಯುದ್ಧಾನಂತರದ ಮೊಕದ್ದಮೆಗಳಲ್ಲಿ ಆರೋಪಿಗಳ ವಕೀಲರು ಸಾಬೀತು ಮಾಡಲಾಗಲಿಲ್ಲ. ಹುಡುಕುವುದರಲ್ಲಿ ಅವರು ಕಡಿಮೆ ಮಾಡಿರಲಿಲ್ಲ, ಯಾಕೆಂದರೆ ಅಂಥದ್ದೊಂದು ಸಿಕ್ಕಿದ್ದರೆ ಕಕ್ಷಿಗಾರನಿಗೆ ದೊಡ್ಡ ಅನುಕೂಲ ಆಗುತ್ತಿತ್ತು. ಇನ್ನೊಂದು ವಿಷಯ. ಆದೇಶ ಅಪರಾಧ ಎಂದು ಗೊತ್ತಿದ್ದೂ ಪಾಲಿಸಿದವನು ತಾನೂ ಹೊಣೆ ಎಂದು ಜರ್ಮನಿಯ ಸೈನಿಕ ದಂಡ ಸಂಹಿತೆಯ 47ನೇ ಸೆಕ್ಷನ್ ಹೇಳುತ್ತಿತ್ತು. ಹಿಟ್ಲರನ ಕಾಲದಲ್ಲೂ ಅದು ಪುಸ್ತಕದಲ್ಲಿತ್ತು.

ಕ್ರುಚಾದಲ್ಲಿ ಗುಂಡು ಹಾರಿದ ಅದೇ ಅಕ್ಟೋಬರ್ 10ರಂದು 6ನೇ ಸೇನೆಯ ಮುಖ್ಯಸ್ಥ ರೈಖೆನೌ ಒಂದು ಆದೇಶ ಹೊರಡಿಸಿದ. 1934ರ ಪ್ರಮಾಣ ಬರೆಸಿದವನೇ ಇವನು. ಪೂರ್ವದಲ್ಲಿರುವ ಸೈನಿಕ ಯುದ್ಧದ ನಿಯಮದಂತೆ ಹೋರಾಡುವವನು ಮಾತ್ರ ಅಲ್ಲ, ಒಂದು ಕರುಣೆಯಿಲ್ಲದ ರಾಷ್ಟ್ರೀಯ ವಿಚಾರವನ್ನು ಹೊತ್ತವನು ಎಂದು ಅದರಲ್ಲಿ ಬರೆದ. ಹಿಟ್ಲರನಿಗೆ ಅದು ಎಷ್ಟು ಹಿಡಿಸಿತೆಂದರೆ ಉಳಿದ ಸೇನೆಗಳಿಗೂ ಕಳಿಸಲಾಯಿತು. ಮನ್‌ಸ್ಟೈನ್‌ನ ನವೆಂಬರ್ ಆದೇಶಕ್ಕೆ ಮಾದರಿ ಇದೇ. ರೈಖೆನೌ ಆದೇಶಕ್ಕೆ ಹತ್ತು ದಿನ ಮೊದಲಷ್ಟೇ, ಸೆಪ್ಟೆಂಬರ್ 29 ಮತ್ತು 30ರಂದು, ಇದೇ 6ನೇ ಸೇನೆ ಹಿಡಿದಿದ್ದ ಉಕ್ರೇನಿನ ಕೀವ್‌ನ ಬಾಬಿ ಯಾರ್ ಕಣಿವೆಯಲ್ಲಿ 33,771 ಯಹೂದಿಗಳ ಕೊಲೆ ನಡೆದಿತ್ತು. ಗುಂಡು ಹಾರಿಸಿದ್ದು ಎಸ್‌ಎಸ್ ಮತ್ತು ಪೊಲೀಸರು. ಯಹೂದಿಗಳೆಲ್ಲ ಇಂಥಲ್ಲಿ ಬಂದು ಸೇರಬೇಕು ಎಂದು ಗೋಡೆಗೋಡೆಗೆ ಹಚ್ಚಿದ 2,000 ಪೋಸ್ಟರ್‌ಗಳನ್ನು ಛಾಪಿಸಿ ಕೊಟ್ಟದ್ದು ಸೇನೆಯ ಪ್ರಚಾರ ಕಂಪನಿ.

ಅದಕ್ಕೂ ಮೊದಲಿನ ಒಂದು ಘಟನೆ ಇದೆ. 1941ರ ಆಗಸ್ಟ್, ಉಕ್ರೇನಿನ ಬೀಲಾ ತ್ಸೆರ್ಕ್ವಾ ಊರು. ತಂದೆತಾಯಿಯರನ್ನು ಆಗಲೇ ಕೊಂದಾಗಿತ್ತು. ಸುಮಾರು 90 ಮಕ್ಕಳನ್ನು ಒಂದು ಮನೆಯಲ್ಲಿ ಕೂಡಿಹಾಕಿದ್ದರು, ಅನ್ನ ನೀರಿಲ್ಲದೆ. ಅಳು ಕೇಳಿ ಸೈನಿಕರು ಸೇನೆಯ ಪಾದ್ರಿಗಳಿಗೆ ಹೇಳಿದರು. ಒಳಗೆ ಹೋಗಿ ನೋಡಿದ ಪಾದ್ರಿ ಬರೆದ ವರದಿ ಉಳಿದಿದೆ. ಕೆಲವು ಮಕ್ಕಳು ಗೋಡೆಯ ಗಾರೆ ಕೆರೆದು ತಿನ್ನುತ್ತಿದ್ದವು. 295ನೇ ಡಿವಿಷನ್‌ನ ಅಧಿಕಾರಿ ಹೆಲ್ಮುತ್ ಗ್ರೋಸ್ಕುರ್ಟ್ ಕೊಲೆ ನಿಲ್ಲಿಸಲು ಓಡಾಡಿದ, ಮೇಲಿನವರೆಗೆ ಹೋದ. ವಿಷಯ ರೈಖೆನೌ ಮೇಜಿಗೆ ಬಂತು. ಶುರು ಮಾಡಿದ ಕೆಲಸ ಮುಗಿಸಿ ಎಂದು ಅವನ ತೀರ್ಮಾನ. ಆಗಸ್ಟ್ 22ರಂದು ಮಕ್ಕಳನ್ನು ಕೊಂದರು. ಗ್ರೋಸ್ಕುರ್ಟ್ ತನ್ನ ವರದಿಯಲ್ಲಿ ಇದನ್ನು ಶತ್ರುಗಳ ಕ್ರೌರ್ಯಕ್ಕೆ ಹೋಲಿಸಿದ್ದ. ಆ ಹೋಲಿಕೆ ಉದ್ಧಟತನ, ಈ ವರದಿ ಬರೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ರೈಖೆನೌ ಉತ್ತರ ಬರೆದ. 90 ಮಕ್ಕಳು ಸತ್ತದ್ದಕ್ಕಿಂತ ಫೈಲಿನಲ್ಲಿ ಒಂದು ಕಾಗದ ಜಾಸ್ತಿಯಾದದ್ದೇ ಆ ಮನುಷ್ಯನಿಗೆ ತಲೆನೋವಾಗಿತ್ತು.

ಯುದ್ಧಕೈದಿಗಳ ವಿಷಯದಲ್ಲಂತೂ ಎಸ್‌ಎಸ್ ಕಡೆ ಬೆರಳು ತೋರಿಸುವ ಹಾಗೇ ಇಲ್ಲ. ಆ ಕ್ಯಾಂಪ್‌ಗಳು ಸೇನೆಯವು. ಸೆರೆಯಾದ ಸುಮಾರು 57 ಲಕ್ಷ ಸೋವಿಯತ್ ಸೈನಿಕರಲ್ಲಿ ಸುಮಾರು 33 ಲಕ್ಷ ಮಂದಿ ಸತ್ತರು. ಹೆಚ್ಚಿನವರು ಸತ್ತದ್ದು ಹಸಿವಿನಿಂದ, ಚಳಿಯಿಂದ, ಬಯಲಿನಲ್ಲಿ ಬೇಲಿ ಹಾಕಿದ ಜಾಗದಲ್ಲಿ. 1942ರ ಫೆಬ್ರವರಿ ಹೊತ್ತಿಗೇ ಸುಮಾರು 20 ಲಕ್ಷ ಜನ ಹೋಗಿದ್ದರು. 1941ರ ನವೆಂಬರ್ 13ರಂದು ಓರ್ಷಾ ಊರಿನಲ್ಲಿ ನಡೆದ ಸಭೆಯಲ್ಲಿ ವಾಗ್ನರ್, ನೆನಪಿಟ್ಟುಕೊಳ್ಳಿ ಎಂದೆನಲ್ಲ ಅದೇ ವಾಗ್ನರ್, ಕೆಲಸ ಮಾಡದ ಕೈದಿಗಳು ಹಸಿವಿನಿಂದ ಸಾಯಬೇಕು ಎಂದ. ಅವನ ಮಟ್ಟಿಗೆ ಇದು ಪಡಿತರದ ಲೆಕ್ಕ. ಇಂಥವನೇ 1944ರ ಜುಲೈ 20ರಂದು ಹಿಟ್ಲರನನ್ನು ಕೊಲ್ಲಲು ಹೊರಟವರ ಜೊತೆ ಸೇರಿದ. ಬಾಂಬಿಟ್ಟ ಷ್ಟಾಫನ್‌ಬರ್ಗ್ ಬರ್ಲಿನ್‌ಗೆ ಮರಳಲು ವಿಮಾನ ಒದಗಿಸಿದ. ಸಂಚು ಕೆಟ್ಟ ಮೇಲೆ ಗುಂಡು ಹಾರಿಸಿಕೊಂಡು ಸತ್ತ. ಒಳ್ಳೆಯವರ ಪಟ್ಟಿ, ಕೆಟ್ಟವರ ಪಟ್ಟಿ ಎಂದು ಬೇರೆ ಮಾಡಲು ಕೂತಾಗಲೆಲ್ಲ ವಾಗ್ನರ್ ನನಗೆ ಅಡ್ಡ ಬರುತ್ತಾನೆ.

ಹಾಗಾದರೆ ನಂಬಿಕೆ? ಕೆಳಗಿನ ಸೈನಿಕನಲ್ಲಿ ಅದು ಇತ್ತು, ಮತ್ತು ಜಾಸ್ತಿಯಾಗುತ್ತಲೇ ಹೋಯಿತು. ಲೆಕ್ಕ ಸುಲಭ. 1941ರಲ್ಲಿ 20 ವರ್ಷದವನಿಗೆ ಹಿಟ್ಲರ್ ಬಂದಾಗ 12. ಶಾಲೆ, ಹಿಟ್ಲರ್ ಯೂತ್, ಕಡ್ಡಾಯ ಶ್ರಮಸೇವೆ, ಆಮೇಲೆ ಸೇನೆ. ಬೇರೆ ಮಾತು ಅವನ ಕಿವಿಗೆ ಬಿದ್ದಿರಲೇ ಇಲ್ಲ. ಇಡೀ ಯುದ್ಧದಲ್ಲಿ ಸೇವೆ ಮಾಡಿದವರು ಸುಮಾರು 1.7 ಕೋಟಿ. ಎಲ್ಲರೂ ಕೊಲೆಗಾರರು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವ ಇತಿಹಾಸಕಾರರೂ ಇಲ್ಲ.

ಪಕ್ಕದಲ್ಲಿ ಸ್ಟಾಲಿನ್‌ನ ಸೇನೆಯನ್ನು ಇಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಸ್ಟಾಲಿನ್‌ಗೆ ತನ್ನ ಅಧಿಕಾರಿಗಳ ಮೇಲೆ ನಂಬಿಕೆ ಇರಲಿಲ್ಲ. 1937 ಮತ್ತು 1938ರಲ್ಲಿ ಐವರು ಮಾರ್ಷಲ್‌ಗಳ ಪೈಕಿ ಮೂವರನ್ನು ಹಿಡಿಸಿದ, ಮೂವರೂ ಬದುಕಿ ಉಳಿಯಲಿಲ್ಲ. ಕಮಾಂಡರ್ ಪಕ್ಕದಲ್ಲಿ ಪಕ್ಷದ ಕಮಿಸಾರ್ ಕಾವಲು. ಹಿಟ್ಲರನೂ 1938ರಲ್ಲಿ ಬ್ಲೋಮ್‌ಬರ್ಗ್‌ನನ್ನು ಕಳಿಸಿದ, ಸೇನೆಯ ಮುಖ್ಯಸ್ಥ ಫ್ರಿಟ್ಷ್‌ನನ್ನು ಸುಳ್ಳು ಆರೋಪ ಹೊರಿಸಿ ತೆಗೆದ, ತಾನೇ ಮೇಲೆ ಕೂತ. ಆದರೆ ಗುಂಡಿಕ್ಕಬೇಕಾಗಿ ಬರಲಿಲ್ಲ. ಸಿದ್ಧಾಂತ ಬೋಧಿಸುವ ವಿಶೇಷ ಅಧಿಕಾರಿಗಳನ್ನು ಅವನು ಸೇನೆಯಲ್ಲಿ ನೇಮಿಸಿದ್ದು 1943ರ ಡಿಸೆಂಬರ್‌ನಲ್ಲಿ. ಸೇನೆಯ ಸಲ್ಯೂಟ್ ತೆಗೆದು ನಾಜಿ ಸಲ್ಯೂಟ್ ಕಡ್ಡಾಯ ಮಾಡಿದ್ದು 1944ರ ಜುಲೈನಲ್ಲಿ. ಅಷ್ಟರಲ್ಲಿ ಬಾಬಿ ಯಾರ್ ಮುಗಿದಿತ್ತು, ಕೈದಿಗಳು ಸತ್ತಿದ್ದರು. ಕಾವಲುಗಾರ ಬರುವ ಮೊದಲೇ ಕೆಲಸ ಆಗಿಹೋಗಿತ್ತು.

ವಿರೋಧಿಸಿದವರೂ ಇದ್ದರು. ಸೇನೆಯ ಜನರಲ್ ಸ್ಟಾಫ್ ಮುಖ್ಯಸ್ಥ ಲುಡ್ವಿಗ್ ಬೆಕ್ 1938ರಲ್ಲಿ ರಾಜೀನಾಮೆ ಕೊಟ್ಟ, 1944ರ ಸಂಚಿನಲ್ಲಿ ಸತ್ತ. ಪೋಲೆಂಡ್‌ನಲ್ಲಿ ಎಸ್‌ಎಸ್ ಮಾಡಿದ ಕೊಲೆಗಳ ಬಗ್ಗೆ ಯೊಹಾನೆಸ್ ಬ್ಲಾಸ್ಕೋವಿಟ್ಸ್ ಎರಡೆರಡು ಸಲ ದೂರು ಬರೆದ. 1940ರ ಮೇ ತಿಂಗಳಲ್ಲಿ ಹುದ್ದೆ ಹೋಯಿತು, ಫೀಲ್ಡ್ ಮಾರ್ಷಲ್ ಪಟ್ಟ ಕೊನೆಗೂ ಬರಲಿಲ್ಲ. ಶಿಕ್ಷೆ ಇಷ್ಟೇ. ಇದನ್ನು ತಡೆದುಕೊಳ್ಳಲು ಉಳಿದವರಿಗೆ ಆಗುತ್ತಿರಲಿಲ್ಲವೇ ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಇನ್ನು ನೀವು ಓದಿದ "ಸೇನೆ ಶುದ್ಧ" ಎಂಬ ಕಥೆ ಎಲ್ಲಿಂದ ಬಂತು? ನ್ಯೂರೆಂಬರ್ಗ್‌ನಲ್ಲಿ ಹಿಟ್ಲರನ ಹಿರಿಯ ಸೇನಾಧಿಕಾರಿಗಳಾದ ಕೈಟೆಲ್ ಮತ್ತು ಯೋಡ್ಲ್ ಗಲ್ಲಿಗೇರಿದರೂ, ಸೇನೆಯ ಉನ್ನತ ಕಮಾಂಡನ್ನು ಅಪರಾಧಿ ಸಂಘಟನೆ ಎಂದು ಘೋಷಿಸಲಿಲ್ಲ. ಅದೊಂದು ಸಂಘಟನೆಯೇ ಅಲ್ಲ ಎಂಬುದು ಕೋರ್ಟಿನ ಕಾರಣ. ಜನರಿಗೆ ಮಾತ್ರ ಅದು ಖುಲಾಸೆಯಂತೆ ಕೇಳಿಸಿತು. ಆಮೇಲೆ ಶೀತಲ ಸಮರ ಬಂತು. ಪಶ್ಚಿಮದವರಿಗೆ ಜರ್ಮನ್ ಸೈನಿಕರು ಮತ್ತೆ ಬೇಕಾದರು. ನಮ್ಮ ಮಾನ ವಾಪಸ್ ಕೊಡಿ, ಆಮೇಲೆ ಸೇನೆ ಕಟ್ಟುತ್ತೇವೆ ಎಂದು ಹಳೆಯ ಅಧಿಕಾರಿಗಳು 1950ರಲ್ಲೇ ಹೇಳಿದ್ದರು. 1951ರ ಜನವರಿಯಲ್ಲಿ ಅಮೆರಿಕದ ಜನರಲ್ ಐಸೆನ್‌ಹೋವರ್, ಜರ್ಮನ್ ಸೈನಿಕನೇ ಬೇರೆ, ಹಿಟ್ಲರನ ಗುಂಪೇ ಬೇರೆ ಎಂಬ ಹೇಳಿಕೆ ಕೊಟ್ಟ. ಮನ್‌ಸ್ಟೈನ್‌ಗೆ 1949ರಲ್ಲಿ 18 ವರ್ಷ ಜೈಲು ಆಗಿತ್ತು, 1953ರಲ್ಲಿ ಹೊರಗೆ ಬಂದ. ಹೊಸ ಸೇನೆ ಕಟ್ಟುವಾಗ ಅವನ ಸಲಹೆಯನ್ನೂ ಕೇಳಿದರು. 1995ರಲ್ಲಿ ಹ್ಯಾಂಬರ್ಗ್‌ನ ಸಂಶೋಧಕರು ಸೇನೆಯ ಅಪರಾಧಗಳ ಫೋಟೊ ಪ್ರದರ್ಶನ ಇಟ್ಟಾಗಲೇ ಜರ್ಮನಿಯ ಮನೆಮನೆಯಲ್ಲಿ ಈ ಮಾತು ಎದ್ದದ್ದು. ಕೆಲವು ಫೋಟೊಗಳ ವಿವರಣೆ ತಪ್ಪಿದೆ ಎಂದು ಗೊತ್ತಾಗಿ 1999ರಲ್ಲಿ ನಿಲ್ಲಿಸಿದರು, ತಿದ್ದಿ 2001ರಲ್ಲಿ ಮತ್ತೆ ಇಟ್ಟರು. ಮೂಲ ವಾದ ಅಲ್ಲಾಡಲಿಲ್ಲ.

ಹೊಸ ಜರ್ಮನ್ ಸೇನೆಯ 1956ರ ಕಾನೂನಿನಲ್ಲಿ, ಮನುಷ್ಯನ ಘನತೆಗೆ ವಿರುದ್ಧವಾದ ಆದೇಶವನ್ನು ಪಾಲಿಸಬೇಕಿಲ್ಲ, ಅಪರಾಧವಾಗುವ ಆದೇಶವನ್ನು ಪಾಲಿಸಲೇ ಕೂಡದು ಎಂದು ಬರೆದರು. ಕಾನೂನು ಬೇಗ ಬಂತು, ನೆನಪು ನಿಧಾನ. ಆಂಟೊನ್ ಷ್ಮಿಡ್ ಎಂಬ ಸಾರ್ಜೆಂಟ್ ಇದ್ದ, ವಿಯೆನ್ನಾದವನು, ಮೊದಲು ರೇಡಿಯೊ ಅಂಗಡಿ ಇಟ್ಟುಕೊಂಡಿದ್ದ. ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಡ್ಯೂಟಿಯಲ್ಲಿದ್ದಾಗ ಸೇನೆಯದೇ ಲಾರಿಗಳಲ್ಲಿ ನೂರಾರು ಯಹೂದಿಗಳನ್ನು ಊರಿಂದಾಚೆ ಸಾಗಿಸಿದ. 1942ರ ಏಪ್ರಿಲ್ 13ರಂದು ಅವನನ್ನು ಗುಂಡಿಕ್ಕಿ ಕೊಂದರು. ಜರ್ಮನಿಯ ರೆಂಡ್ಸ್‌ಬರ್ಗ್ ಊರಿನ ಸೇನಾ ಬ್ಯಾರಕ್ಕಿಗೆ ವೇರ್ಮಾಖ್ಟ್, ಅಂದರೆ ಹಿಟ್ಲರ್ ಕಾಲದ ಸೇನೆಯ, ಜನರಲ್ ಒಬ್ಬನ ಹೆಸರಿತ್ತು. ಅದನ್ನು ತೆಗೆದು ಈ ಸಾರ್ಜೆಂಟ್ ಹೆಸರಿಟ್ಟದ್ದು 2000ನೇ ಇಸವಿಯ ಮೇ 8ರಂದು.